ಬೆಲ್ಲದ ಕೋಳಿ ಸೀಯಬಾರದು ಅಂದರೆ

ನಮ್ಮ ಮನೆಯ ಹುಡುಗರೆಲ್ಲ ಈಗ ಓವನ್ ತಗೊಂಡಿದ್ದಾರೆ. ಸಂತೋಷ. ಆದರೆ ಸಿಹಿ-ಖಾರದ ಕೋಳಿ ಮಾಡುವಾಗ ಒಬ್ಬರಿಗೂ ತಾಳ್ಮೆ ಇರುವುದಿಲ್ಲ. ಬೆಲ್ಲವೋ ಜೇನೋ ಬಾಟಲಿ ಸಾಸೋ, ಮೊದಲೇ ಕೋಳಿಗೆ ಮೆತ್ತಿ, ರಾತ್ರಿಯೆಲ್ಲ ನೆನೆಸಿ, ಬಿಸಿ ಓವನ್‌ಗೆ ತಳ್ಳಿಬಿಡುತ್ತಾರೆ. 20 ನಿಮಿಷಕ್ಕೆ ಹೊರಗೆಲ್ಲ ಕಪ್ಪು, ಮೂಳೆ ಹತ್ತಿರ ಇನ್ನೂ ಕೆಂಪು. ಆಮೇಲೆ ನನಗೆ ಫೋನು. ‘ದೊಡ್ಡಮ್ಮ, ಓವನ್ ಹಾಳಾಗಿದೆ ಅನ್ಸುತ್ತೆ.’ ಓವನ್‌ಗೆ ಏನೂ ಆಗಿಲ್ಲ ಮಗಾ. ಸಿಹಿಯನ್ನು ಯಾವಾಗ ಹಚ್ಚಬೇಕು ಅಂತ ನಿನಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಸಿಹಿ ಕೊನೆಗೆ. ಕೋಳಿ ಮುಕ್ಕಾಲು ಪಾಲು ಬೆಂದ ಮೇಲೆ. ಇದೊಂದು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಕೋಳಿ ತರುವಾಗ ತೊಗಲು ಸಮೇತ ಬೇಕು ಅಂತ ಅಂಗಡಿಯವನಿಗೆ ಮೊದಲೇ ಹೇಳಿ. ನೀವು ಸುಮ್ನೆ ನಿಂತಿದ್ದರೆ ಅವನು ತೊಗಲು ಎಳೆದು ಬಿಸಾಡಿಬಿಡುತ್ತಾನೆ. ತೊಡೆ ಮತ್ತು ಕಾಲು ಸೇರಿದ ದೊಡ್ಡ ತುಂಡುಗಳೇ ಈ ಅಡುಗೆಗೆ ಸರಿ. ಎದೆ ಮಾಂಸ ಬೇಡ. ಅದು ಬೇಗ ಒಣಗಿ ನಾರಾಗುತ್ತದೆ. ಮೈಗೆ ಒಳ್ಳೆಯದು ಅಂತ ಎದೆ ಮಾಂಸವನ್ನೇ ತರುವವರು ಅದನ್ನು ಸಾರಿಗೆ ಹಾಕಿಕೊಳ್ಳಲಿ. ತೊಗಲು ತಿನ್ನದವರ ಮನೆಯಾದರೆ ತುಂಡುಗಳಿಗೆ ಒಂದಿಷ್ಟು ಬೆಣ್ಣೆ ಸವರಿ, ಸುಡುವ ಹೊತ್ತನ್ನು ಸ್ವಲ್ಪ ಕಡಿಮೆ ಮಾಡಿ. ಆದರೆ ತೊಗಲಿನ ಕೋಳಿಗೆ ಬರುವ ಆ ಮಿರುಗು ಇದಕ್ಕೆ ಬರುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ತೊಡೆಯ ಒಳಬದಿಯಲ್ಲಿ ಮೂಳೆ ತಾಗುವ ಹಾಗೆ ಎರಡು ಗೀರು ಹಾಕಿ. ಉಪ್ಪು, ಆಗತಾನೆ ಕುಟ್ಟಿದ ಕಾಳುಮೆಣಸು, ಅರೆದ ಶುಂಠಿ-ಬೆಳ್ಳುಳ್ಳಿಯನ್ನು ಆ ಗೀರಿನೊಳಗೆ ಬೆರಳಲ್ಲಿ ತುಂಬಿ. ತೊಗಲಿನ ಮೇಲೆ ಬರೀ ಉಪ್ಪು. ಬೆಳ್ಳುಳ್ಳಿ ಮೇಲೆ ಕೂತರೆ ಅದೂ ಸೀಯುತ್ತದೆ, ಕಹಿಯಾಗುತ್ತದೆ.

ಇದಕ್ಕಿಂತ ಮೊದಲು ಕೋಳಿಯ ನೀರು ಒರೆಸಿಕೊಂಡಿರಬೇಕು. ಸುಮ್ಮನೆ ಸೋರಿಸಿದರೆ ಸಾಲದು, ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಬೇಕು. ಒದ್ದೆ ತೊಗಲು ಓವನ್‌ನಲ್ಲಿ ಮೊದಲು ಹಬೆಯಲ್ಲಿ ಬೇಯುತ್ತದೆ. ಆ ನೀರು ಆರುವ ತನಕ ಅದು ಕೆಂಪಾಗುವುದಿಲ್ಲ, ಗರಿಯೂ ಆಗುವುದಿಲ್ಲ. ನಾನು ಇದಕ್ಕೆಂದೇ ಹಳೇ ಹತ್ತಿ ಪಂಚೆಯ ತುಂಡುಗಳನ್ನು ಬೇರೆ ಇಟ್ಟಿದ್ದೇನೆ. ಈ ಬಟ್ಟೆ ಒಗೆಯುವುದನ್ನೂ ಹೇಳಿಬಿಡುತ್ತೇನೆ. ಅಲ್ಲೂ ಎಲ್ಲರೂ ತಪ್ಪು ಮಾಡುತ್ತಾರೆ. ರಕ್ತ ತಾಗಿದ ಬಟ್ಟೆಗೆ ಬಿಸಿನೀರು ಸುರಿಯಬೇಡಿ. ಬಿಸಿಗೆ ರಕ್ತ ನೂಲಿನೊಳಗೇ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಯಾವ ಸೋಪಿಗೂ ಬಗ್ಗುವುದಿಲ್ಲ. ಮೊದಲು ತಣ್ಣೀರಿನಲ್ಲಿ ನೆನೆಸಿ ಹಿಂಡಿ. ಕಲೆ ಹೋದ ಮೇಲೆ ಸೋಪು ಹಾಕಿ ಕುದಿಸಿ, ಬಿಸಿಲಿಗೆ ಹಾಕಿ. ಮಕ್ಕಳ ಯೂನಿಫಾರ್ಮಿಗೆ ಮೂಗಿನ ರಕ್ತ ತಾಗಿದಾಗಲೂ ಇದೇ ಕ್ರಮ.

ಉಪ್ಪು ಹಚ್ಚಿದ ಕೋಳಿಯನ್ನು ತಟ್ಟೆಯಲ್ಲಿ ಹರಡಿ, ಮುಚ್ಚದೆ, ಫ್ರಿಜ್‌ನ ಕೆಳಗಿನ ಹಲಗೆಯಲ್ಲಿ ಇಡಿ. ಬೆಳಿಗ್ಗೆ ಇಟ್ಟರೆ ರಾತ್ರಿಯ ಊಟಕ್ಕೆ ಸರಿಯಾಗುತ್ತದೆ. ಉಪ್ಪು ಒಳಗೆ ಇಳಿಯುತ್ತದೆ, ತೊಗಲು ಮೇಲೆ ಒಣಗುತ್ತದೆ. ಕೆಳಗಿನ ಹಲಗೆ ಯಾಕೆ ಅಂದರೆ ಹಸಿ ಮಾಂಸದ ನೀರು ಬೇರೆ ಯಾವುದರ ಮೇಲೂ ತೊಟ್ಟಿಕ್ಕಬಾರದು.

ಈಗ ಬೆಲ್ಲದ ಪಾಕ. ಇಲ್ಲಿ ಯಾರೂ ಅವಸರ ಮಾಡಬೇಡಿ.

ನಮ್ಮ ಅವ್ವ ಇದನ್ನು ಜೇನಿನಲ್ಲೇ ಮಾಡುತ್ತಿದ್ದಳು. ಕೊಡಗಿನಲ್ಲಿ ನಮ್ಮ ಮನೆಯ ಹಿಂದೆ ಕಾಫಿ ಗಿಡಗಳ ನಡುವೆ ತುಡುವೆ ಜೇನಿನ ಪೆಟ್ಟಿಗೆಗಳಿದ್ದವು. ಆಗ ಓವನ್ ಎಲ್ಲಿತ್ತು? ದಪ್ಪ ತಳದ ಪಾತ್ರೆಯನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ, ಎರಡೂ ಕಡೆಯಿಂದ ಕಾವು ಕೊಡುತ್ತಿದ್ದಳು. ಈಗಿನ ಓವನ್‌ನ ಎರಡು ಕಂಬಿಗಳು ಮಾಡುವುದೂ ಅದನ್ನೇ. 1991-92ರ ಸುಮಾರಿಗೆ ಜೇನಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ ಬಂತು. ದಕ್ಷಿಣ ಭಾರತದ ತುಡುವೆ ಜೇನು ಬಹುಪಾಲು ಅದಕ್ಕೆ ಸಿಕ್ಕಿ ನಾಶವಾಯಿತು. ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಗೂಡಿನಲ್ಲೇ ಸಾಯುತ್ತಿದ್ದವು. ನಮ್ಮ ಪೆಟ್ಟಿಗೆಗಳೂ ಒಂದೊಂದಾಗಿ ಖಾಲಿಯಾದವು. ಅಪ್ಪ ದಿನಾ ಹೋಗಿ ಮುಚ್ಚಳ ತೆಗೆದು ನೋಡಿ, ಏನೂ ಮಾತಾಡದೆ ಬರುತ್ತಿದ್ದರು. ಅವ್ವ ಆಗಿನಿಂದ ಬೆಲ್ಲಕ್ಕೆ ಬಂದಳು. ಕೋಳಿಯ ಮಟ್ಟಿಗೆ ಹೇಳುವುದಾದರೆ ಬೆಲ್ಲವೇ ಮೇಲು. ಜೇನಿನಲ್ಲಿ ಫ್ರಕ್ಟೋಸ್ ಅನ್ನೋ ಸಕ್ಕರೆ ಜಾಸ್ತಿ. ಅದು 110 ಡಿಗ್ರಿಯ ಆಸುಪಾಸಿಗೇ ಕಂದಾಗಲು ಶುರುಮಾಡುತ್ತದೆ. ಕಬ್ಬಿನ ಸಕ್ಕರೆಗೆ 160ರ ಹತ್ತಿರ ಕಾವು ಬೇಕು. ಅಂದರೆ ಬೆಲ್ಲ ನಿಮಗೆ ಸ್ವಲ್ಪ ಹೊತ್ತು ಕೊಡುತ್ತದೆ, ಜೇನು ಕೊಡುವುದಿಲ್ಲ.

ಬೆಲ್ಲ ಕಪ್ಪಗಿರಲಿ. ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಬಣ್ಣ ತಿಳಿಯಾಗಲಿ ಅಂತ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕಿರುವುದುಂಟು. ನೋಡಲು ಚೆಂದ, ರುಚಿಗೆ ಸಪ್ಪೆ. ಒಂದು ಕಿಲೋ ಕೋಳಿಗೆ ಎರಡು ನಿಂಬೆಹಣ್ಣಿನಷ್ಟು ಬೆಲ್ಲ ಸಾಕು. ಜಾಸ್ತಿ ಹಾಕಿದರೆ ಅದು ಊಟವಾಗುವುದಿಲ್ಲ, ಮಿಠಾಯಿ ಆಗುತ್ತದೆ. ಬೆಲ್ಲ ಮುಳುಗುವಷ್ಟೇ ನೀರು ಹಾಕಿ ಕರಗಿಸಿ, ಬಟ್ಟೆಯಲ್ಲಿ ಸೋಸಿ. ಸೋಸದೆ ಮಾಡಿದವರ ಮನೆಯಲ್ಲಿ ಹಲ್ಲಿಗೆ ಮರಳು ಸಿಕ್ಕ ಊಟ ನಾನು ಮಾಡಿದ್ದೇನೆ.

ಬೇರೆ ಬಾಣಲೆಯಲ್ಲಿ ಚೂರು ತುಪ್ಪ, ಜಜ್ಜಿದ ನಾಲ್ಕೈದು ಎಸಳು ಬೆಳ್ಳುಳ್ಳಿ. ಘಮ ಬಂದ ಕೂಡಲೇ ಬೆಲ್ಲದ ನೀರು ಸುರಿದು, ಕೈತುಂಬ ಕಾಳುಮೆಣಸಿನ ಪುಡಿ, ನಾಲಿಗೆಗೆ ತಿಳಿಯುವಷ್ಟು ಉಪ್ಪು, ಒಂದು ಚಿಟಿಕೆ ಹುರಿದ ಜೀರಿಗೆ ಪುಡಿ ಹಾಕಿ ಕುದಿಸಿ. ಕುದಿಯುವಾಗಲೇ ಕಾಚಂಪುಳಿ ಅರ್ಧ ಚಮಚ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಮಳೆಗಾಲದಲ್ಲಿ ಹಣ್ಣಾಗುವ ಪಣಂಪುಳಿಯನ್ನು ಬುಟ್ಟಿಯಲ್ಲಿ ರಾಶಿ ಹಾಕಿ, ಕೆಳಗೆ ಇಳಿಯುವ ರಸವನ್ನು ಕಪ್ಪಗೆ ಮಂದವಾಗುವ ತನಕ ಕಾಯಿಸಿದರೆ ಅದೇ ಕಾಚಂಪುಳಿ. ನಮ್ಮ ಕಡೆ ಹಂದಿ ಕರಿಗೆ ಹಾಕುವುದು ಇದನ್ನೇ. ವರ್ಷಗಟ್ಟಲೆ ಕೆಡುವುದಿಲ್ಲ. ಸಿಗದಿದ್ದರೆ ಗಟ್ಟಿ ಹುಣಸೆರಸ ಹಾಕಿ, ನಡೆಯುತ್ತದೆ. ಹುಳಿ ಬರೀ ರುಚಿಗಲ್ಲ. ಪಾಕ ಹರಳುಗಟ್ಟದ ಹಾಗೆ ಅದು ತಡೆಯುತ್ತದೆ. ಸಕ್ಕರೆ ಪಾಕಕ್ಕೆ ನಿಂಬೆರಸ ಹಿಂಡುವುದೂ ಇದಕ್ಕೇ ಅಲ್ವಾ?

ಪಾಕದ ಹದ ಹೇಗೆ ನೋಡುವುದು? ಸ್ಟೀಲ್ ತಟ್ಟೆಯನ್ನು ಮೊದಲೇ ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿಕೊಳ್ಳಿ. ಒಂದು ತೊಟ್ಟು ಪಾಕ ಅದರ ಮೇಲೆ ಬಿಡಿ, ತಟ್ಟೆ ಓರೆ ಮಾಡಿ. ನೀರಿನಂತೆ ಓಡಿದರೆ ಇನ್ನೂ ಆಗಿಲ್ಲ. ಅಲ್ಲೇ ಕೂತರೆ ಮೀರಿಹೋಗಿದೆ, ಒಂದು ಚಮಚ ಬಿಸಿನೀರು ಸೇರಿಸಿ. ಮೆಲ್ಲಗೆ, ಮನಸ್ಸಿಲ್ಲದ ಮನಸ್ಸಿನಿಂದ ಇಳಿದರೆ ಸರಿ. ಎರಡು ಬೆರಳ ನಡುವೆ ಹಿಡಿದು ಬಿಟ್ಟರೆ ಎಳೆ ಬರುವ ಹಾಗೆ ಕಾಣಬೇಕು, ಆದರೆ ಬರುವಷ್ಟರಲ್ಲಿ ಕಡಿಯಬೇಕು. ಪೂರ್ತಿ ಒಂದೆಳೆ ಬಂದರೆ ಅದು ಲಾಡುವಿಗೆ, ಕೋಳಿಗಲ್ಲ. ತಣ್ಣಗಾದಾಗ ಇನ್ನೂ ಮಂದವಾಗುತ್ತದೆ ಅನ್ನೋದು ನೆನಪಿರಲಿ.

ಈ ಪಾಕವನ್ನು ಎರಡು ಬಟ್ಟಲಿಗೆ ಹಾಕಿ. ಒಂದು ಹಚ್ಚುವುದಕ್ಕೆ, ಒಂದು ಊಟದ ಹೊತ್ತಿಗೆ. ಅರೆಬೆಂದ ಮಾಂಸಕ್ಕೆ ತಾಗಿದ ಬ್ರಶ್ ಅದ್ದಿದ ಬಟ್ಟಲನ್ನು ಟೇಬಲ್ಲಿಗೆ ತರಬಾರದು. ಇದನ್ನು ಎಷ್ಟು ಸಲ ಹೇಳಿದರೂ ಯಾರಾದರೂ ಒಬ್ಬರು ತಂದೇ ತರುತ್ತಾರೆ.

ಓವನ್ 200 ಡಿಗ್ರಿಗೆ ಇಟ್ಟು, ಮೇಲೆ-ಕೆಳಗೆ ಎರಡೂ ಕಂಬಿ ಹಾಕಿ, ಕಾಲು ಗಂಟೆ ಬರಿದೇ ಕಾಯಿಸಿ. ಕೆಳಗಿನ ಟ್ರೇಯಲ್ಲಿ ಸಿಪ್ಪೆ ಸಮೇತ ಹೆಚ್ಚಿದ ಆಲೂಗಡ್ಡೆ, ದಪ್ಪ ಬಿಲ್ಲೆ ಈರುಳ್ಳಿ. ಅದರ ಮೇಲೆ ಜಾಲರಿ, ಜಾಲರಿ ಮೇಲೆ ಕೋಳಿ, ತೊಗಲು ಮೇಲೆ. ತುಂಡುಗಳು ಒಂದಕ್ಕೊಂದು ತಾಗಬಾರದು. ತೊಟ್ಟಿಕ್ಕುವ ಕೊಬ್ಬು ಆಲೂಗಡ್ಡೆಗೆ ಇಳಿಯುತ್ತದೆ, ಬೇರೆ ಪಲ್ಯ ಮಾಡುವ ಕೆಲಸ ಉಳಿಯಿತು. ಸುಮಾರು ಅರ್ಧ ಗಂಟೆ ಬಾಗಿಲು ತೆಗೆಯಬೇಡಿ. ಪ್ರತಿ 5 ನಿಮಿಷಕ್ಕೆ ಇಣುಕುವವರ ಓವನ್ ಯಾವತ್ತೂ ಬಿಸಿಯಾಗಿರುವುದಿಲ್ಲ.

ಅರ್ಧ ಗಂಟೆಗೆ ತೊಗಲು ಬಿಗಿದು, ಅಲ್ಲಲ್ಲಿ ಹೊಂಬಣ್ಣ ಬಂದಿರುತ್ತದೆ. ಈಗ ನನ್ನ ಮುಖ್ಯ ಮಾತು ಕೇಳಿ. ಪಾಕವನ್ನು ಮೂರು ಸಲ ಹಚ್ಚಬೇಕು, ಮೂರು ಸಲವೂ ತೆಳ್ಳಗೆ. ಒಂದೇ ಸಲ ದಪ್ಪಗೆ ಸುರಿದರೆ ಅರ್ಧ ಕೆಳಗೆ ಜಾರಿ ಟ್ರೇಯಲ್ಲಿ ಸೀಯುತ್ತದೆ, ಉಳಿದರ್ಧ ತೊಗಲನ್ನು ಮೆತ್ತಗೆ ಮಾಡುತ್ತದೆ. ಅಂಗಡಿಯ ರಬ್ಬರ್ ಬ್ರಶ್ ನನಗೆ ಆಗುವುದಿಲ್ಲ, ಅದು ಹಚ್ಚುವುದಕ್ಕಿಂತ ಹೆಚ್ಚಾಗಿ ಚೆಲ್ಲುತ್ತದೆ. ಹಿತ್ತಲಿನಿಂದ ಒಂದು ಮಜ್ಜಿಗೆ ಹುಲ್ಲಿನ (ಲೆಮನ್ ಗ್ರಾಸ್) ದಂಟು ಕಿತ್ತು, ಬುಡವನ್ನು ಕಲ್ಲಿನಲ್ಲಿ ಜಜ್ಜಿ. ನಾರು ಬಿಚ್ಚಿಕೊಂಡು ಚೆಂದದ ಕುಂಚವಾಗುತ್ತದೆ. ಪಾಕ ಅದರ ನಾರಿನಲ್ಲಿ ನಿಲ್ಲುತ್ತದೆ, ಅದರ ಘಮ ಪಾಕಕ್ಕೆ ಇಳಿಯುತ್ತದೆ.

ಮೊದಲ ಸಲ ಹಚ್ಚುವ ಮುಂಚೆ, ತೊಗಲಿನ ಮೇಲೆ ನಿಂತ ಕೊಬ್ಬನ್ನು ಬಟ್ಟೆಯ ಚೂರಿನಲ್ಲಿ ಮೆಲ್ಲಗೆ ಒತ್ತಿ ತೆಗೆಯಿರಿ. ಕೊಬ್ಬಿನ ಮೇಲೆ ಪಾಕ ಹಿಡಿಯುವುದಿಲ್ಲ, ಜಾರುತ್ತದೆ. ಆಮೇಲೆ ತೆಳ್ಳಗೆ ಬಳಿದು, 5 ನಿಮಿಷ ಒಳಗಿಡಿ. ತೆಗೆದಾಗ ಒದ್ದೆ ಹೊಳಪು ಹೋಗಿ ಅಂಟಂಟಾಗಿರಬೇಕು. ಪಾಕ ಬಿಸಿ ಇರುತ್ತದೆ, ಬೆರಳಿಡಬೇಡಿ. ಕುಂಚದ ತುದಿ ತಾಗಿಸಿ ನೋಡಿ. ಅಂಟಿ ಎಳೆದರೆ ಹದ, ಬಳಿದದ್ದು ಕಿತ್ತು ಬಂದರೆ ಇನ್ನೂ ಎರಡು ನಿಮಿಷ. ಈ ಮೊದಲ ಪದರ ಕೂತರೇನೇ ಎರಡನೆಯದು ನಿಲ್ಲುವುದು. ಎರಡನೆಯ ಸಲ ಅಂಚುಗಳಿಗೆ, ಕಾಲಿನ ಗೆಣ್ಣಿನ ಸುತ್ತ, ಗೀರುಗಳೊಳಗೆ ಬಿಡದೆ ಹಚ್ಚಿ, ಮತ್ತೆ 5 ನಿಮಿಷ. ಮೂರನೆಯ ಸಲ ಕೆಳಗಿನ ಕಂಬಿ ಆರಿಸಿ, ಮೇಲಿನದು ಮಾತ್ರ ಉರಿಯಲಿ. ಎರಡೋ ಮೂರೋ ನಿಮಿಷ ಸಾಕು. ಆ ಹೊತ್ತಿನಲ್ಲಿ ಓವನ್ ಮುಂದೆಯೇ ನಿಲ್ಲಿ. ಫೋನು ನೋಡಬೇಡಿ, ಸೀರಿಯಲ್ ನೋಡಬೇಡಿ, ಗೇಟಿನ ಹತ್ತಿರ ಯಾರೋ ಕರೆದರು ಅಂತ ಹೋಗಬೇಡಿ. ಸಣ್ಣ ಸಣ್ಣ ಗುಳ್ಳೆ ಏಳುತ್ತದೆ, ಬಣ್ಣ ಹಳೇ ತಾಮ್ರಕ್ಕೆ ಬರುತ್ತದೆ. ಅಲ್ಲಿಗೆ ಹೊರಗೆ. ಇನ್ನೂ ಸ್ವಲ್ಪ ಕೆಂಪಾಗಲಿ ಅಂತ ಬಿಟ್ಟವರದ್ದೆಲ್ಲ ಅರ್ಧ ನಿಮಿಷದಲ್ಲಿ ಕಪ್ಪಾಗಿರುವುದನ್ನು ನಾನು ನೋಡಿದ್ದೇನೆ.

ಮೂರು ಸಲ ಹಚ್ಚುವುದು ಅತಿಯಾಯಿತು ಅಂತ ನನ್ನ ಸೊಸೆಯೂ ಹೇಳಿದ್ದಳು. ಒಂದೇ ಟ್ರೇಯಲ್ಲಿ ಅರ್ಧಕ್ಕೆ ಒಂದೇ ಪದರ, ಅರ್ಧಕ್ಕೆ ಮೂರು ಪದರ ಹಚ್ಚಿ ಅವಳ ಮುಂದಿಟ್ಟೆ. ಈಗ ಅವಳು ತನ್ನ ಗೆಳತಿಯರಿಗೆ ಮೂರು ಸಲ ಅಂತಲೇ ಹೇಳುತ್ತಾಳೆ.

ಬೆಂದಿದೆಯೋ ಇಲ್ಲವೋ ಬಣ್ಣ ನೋಡಿ ಹೇಳಲಾಗುವುದಿಲ್ಲ. ಬೆಲ್ಲದ ಬಣ್ಣ ಮೋಸ ಮಾಡುತ್ತದೆ. ತೊಡೆಯ ದಪ್ಪ ಭಾಗಕ್ಕೆ, ಮೂಳೆಗೆ ತಾಗದ ಹಾಗೆ, ಅಡುಗೆ ಥರ್ಮಾಮೀಟರ್ ಚುಚ್ಚಿ. ಎಲ್ಲ ಕಡೆಯೂ 74 ಡಿಗ್ರಿ ದಾಟಿರಲೇಬೇಕು. ತೊಡೆ ಮಾಂಸ 80 ದಾಟಿದರೆ ಇನ್ನೂ ಮೆತ್ತಗಾಗಿ ಮೂಳೆ ಬಿಡುತ್ತದೆ, ಒಣಗುವ ಭಯ ಬೇಡ. ಕಡಿಮೆ ತೋರಿಸಿದರೆ ಮೇಲೆ ಅಲ್ಯೂಮಿನಿಯಂ ಹಾಳೆ ಸಡಿಲವಾಗಿ ಹೊದಿಸಿ, 170ಕ್ಕೆ ಇಳಿಸಿ ಬೇಯಿಸಿ. ಥರ್ಮಾಮೀಟರ್ ದೊಡ್ಡ ಖರ್ಚೇನಲ್ಲ. ಮೂರು ಥರದ ಸಾಸ್ ಬಾಟಲಿ ತರುವ ದುಡ್ಡಿನಲ್ಲಿ ಒಂದು ಬರುತ್ತದೆ.

ಹೊರಗೆ ತೆಗೆದ ಮೇಲೆ 10 ನಿಮಿಷ ಮುಟ್ಟಬೇಡಿ. ಮಾಂಸದ ರಸ ಒಳಗೇ ನಿಲ್ಲುತ್ತದೆ, ಪಾಕವೂ ಗಟ್ಟಿಯಾಗಿ ಕೂರುತ್ತದೆ. ಮುಚ್ಚಲೂ ಬೇಡಿ, ಮುಚ್ಚಿದರೆ ಹಬೆಗೆ ತೊಗಲು ಮತ್ತೆ ಮೆತ್ತಗಾಗುತ್ತದೆ. ಆ ಹೊತ್ತಿಗೆ ಅಕ್ಕಿ ರೊಟ್ಟಿ ಬೇಯಿಸಿಕೊಳ್ಳಿ. ಅಕ್ಕಿ ರೊಟ್ಟಿಯಲ್ಲಿ ಈ ಪಾಕ ಒರೆಸಿ ತಿನ್ನುವುದೇ ಚೆಂದ. ಕಡಂಬುಟ್ಟು, ಅಂದರೆ ಅಕ್ಕಿತರಿಯ ಹಬೆ ಉಂಡೆ, ಇದ್ದರೂ ಆಗುತ್ತದೆ. ಜೊತೆಗೆ ಹಸಿ ಸೌತೆಕಾಯಿ, ನಿಂಬೆ ಹೋಳು. ಬೇರೆ ಮಸಾಲೆ ಸಾರು ಮಾಡಿ ಇದರ ರುಚಿ ಕೆಡಿಸಬೇಡಿ. ಚಿಕ್ಕ ಮಕ್ಕಳಿಗೆ ಕಾಲಿನ ತುದಿ ಕೊಡಿ, ಅಲ್ಲಿ ಮೆಣಸು ಕಡಿಮೆ, ಬೆಲ್ಲ ಜಾಸ್ತಿ.

ಟ್ರೇಗೆ ಅಂಟಿದ ಪಾಕವನ್ನು ಚಾಕುವಿನಲ್ಲಿ ಕೆರೆಯುವವರು ಬಹಳ ಜನ. ಯಾಕೆ? ಅದು ಬೆಲ್ಲ, ನೀರಿಗೆ ಕರಗುವ ವಸ್ತು. ಆಲೂಗಡ್ಡೆ ತೆಗೆದು, ಟ್ರೇ ಕೈಗೆ ಹಿಡಿಯುವಷ್ಟು ಆರಿದ ಮೇಲೆ ಬಿಸಿನೀರು ತುಂಬಿ ಇಡಿ. ನೀವು ಊಟ ಮುಗಿಸಿ ಬರುವಷ್ಟರಲ್ಲಿ ಅದೇ ಬಿಟ್ಟಿರುತ್ತದೆ.

ಉಳಿದ ಕೋಳಿಯನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಹಾಕಿ. ಮರುದಿನ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ತೊಗಲು ಜಗಿಯಲಾಗದಂತಾಗುತ್ತದೆ, ಪಾಕ ಕರಗಿ ತಟ್ಟೆಗೆ ಹೋಗುತ್ತದೆ. ಮಾಂಸ ಬಿಡಿಸಿ, ದೋಸೆ ಕಾವಲಿಯಲ್ಲಿ ಒಂದು ಹನಿ ನೀರು ಚಿಮುಕಿಸಿ ಚೆನ್ನಾಗಿ ಹಬೆಯಾಡುವಷ್ಟು ಬಿಸಿ ಮಾಡಿ, ರೊಟ್ಟಿಯೊಳಗೆ ಈರುಳ್ಳಿ ಹಾಕಿ ಸುತ್ತಿ ಡಬ್ಬಿಗೆ ಕಟ್ಟಿ. ಮೂಳೆಗಳನ್ನು ಬಿಸಾಡಬೇಡಿ, ಮೆಣಸು-ಜೀರಿಗೆ ಹಾಕಿ ಕುದಿಸಿದರೆ ರಾತ್ರಿಗೆ ಸೂಪಾಗುತ್ತದೆ. ಅದಕ್ಕೆ ಮತ್ತೆ ಬೆಲ್ಲ ಹಾಕಲು ಹೋಗಬೇಡಿ, ಮೂಳೆಗೆ ಅಂಟಿರುವುದೇ ಸಾಕು.