ಬೆಳ್ಳುಳ್ಳಿ ಪೋರ್ಕ್ ರಿಬ್ಸ್: ಕಹಿ ಹೋಯಿತು, ಗರಿಗರಿ ಉಳಿಯಿತು

ಚೀನಾದ ಗ್ವಾಂಗ್‌ಡಾಂಗ್ ಕಡೆಯ ಬೆಳ್ಳುಳ್ಳಿ ರಿಬ್ಸ್ (ಹಂದಿಯ ಪಕ್ಕೆಲುಬಿನ ಮಾಂಸ) ಮನೆಯಲ್ಲಿ ಕರಿದಾಗ ಎರಡು ತೊಂದರೆ ಬರುತ್ತಿತ್ತು. ಬೆಳ್ಳುಳ್ಳಿ ಕಪ್ಪಾಗಿ ಕಹಿ. ಹೊರಪದರ ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗೆ.

ಕಾರ್ನ್‌ಫ್ಲೋರ್ ಜಾಸ್ತಿ ಹಾಕಿದರೆ ಪದರ ದಪ್ಪವಾಯಿತು, ಅಷ್ಟೇ. ಉರಿ ತಗ್ಗಿಸಿ ತುಂಬಾ ಹೊತ್ತು ಕರಿದರೆ ಮಾಂಸ ಒಣಗಿತು. ಬೆಳ್ಳುಳ್ಳಿ ಪುಡಿಯೂ ಸೀದುಹೋಯಿತು.

ಕೊನೆಗೆ ಕೆಲಸ ಮಾಡಿದ್ದು ಮಾಂಸಕ್ಕೆ ಬೆಳ್ಳುಳ್ಳಿಯ ರಸ ಮಾತ್ರ ಹಾಕಿದ್ದು. ಮಾಂಸ ಬೇಯುವ ಮೊದಲೇ ಬೆಳ್ಳುಳ್ಳಿ ಚೂರು ಸೀಯುತ್ತದೆ. ಹಾಗಾಗಿ ಒಂದು ಚೂರೂ ಅಂಟಿರಬಾರದು.

ಅರ್ಧ ಕೆಜಿ ರಿಬ್ಸ್, 4 ಸೆಂ.ಮೀ. ತುಂಡುಗಳು. ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ಬಟ್ಟೆಯಿಂದ ಒತ್ತಿ ಒರೆಸಿ. 15 ಎಸಳು ಬೆಳ್ಳುಳ್ಳಿಯನ್ನು 3 ಚಮಚ ನೀರಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ. ಆ ರಸಕ್ಕೆ ಮುಕ್ಕಾಲು ಟೀ ಚಮಚ ಉಪ್ಪು, 1 ಟೀ ಚಮಚ ಸಕ್ಕರೆ, 1 ದೊಡ್ಡ ಚಮಚ ಸೋಯಾ ಸಾಸ್, ಕಾಲು ಟೀ ಚಮಚ ಅಡುಗೆ ಸೋಡಾ. ಮಾಂಸ ಕಲಸಿ ಫ್ರಿಜ್‌ನಲ್ಲಿ 4 ಗಂಟೆ ಇಡಿ. ಸೋಡಾ ಇದಕ್ಕಿಂತ ಜಾಸ್ತಿ ಬೇಡ, ಸಾಬೂನಿನ ರುಚಿ ಬರುತ್ತದೆ.

ರಸ ಬಸಿದು, 3 ದೊಡ್ಡ ಚಮಚ ಕಾರ್ನ್‌ಫ್ಲೋರ್, 2 ದೊಡ್ಡ ಚಮಚ ಅಕ್ಕಿ ಹಿಟ್ಟು ಹೊರಳಿಸಿ 10 ನಿಮಿಷ ಬಿಡಿ. ಮೊದಲು 160 ಡಿಗ್ರಿ ಸೆಲ್ಸಿಯಸ್ ಎಣ್ಣೆಯಲ್ಲಿ 7–8 ನಿಮಿಷ. ಹೊರತೆಗೆದು ಜಾಲರಿಯ ಮೇಲೆ 5 ನಿಮಿಷ. ಒಳಗಿನ ತೇವ ಹೊರಪದರಕ್ಕೆ ಬರುವುದು ಆಗಲೇ, ಇದನ್ನು ಬಿಡಬೇಡಿ. ಮತ್ತೆ 190ರಲ್ಲಿ 1 ನಿಮಿಷ.

ಮೇಲೆ ಉದುರಿಸಲು ಬೇರೆ ಬೆಳ್ಳುಳ್ಳಿ ಕೊಚ್ಚಿ, ತೊಳೆದು, ಹಿಂಡಿ, ತಣ್ಣನೆ ಎಣ್ಣೆಗೆ ಹಾಕಿ ಸಣ್ಣ ಉರಿ ಇಡಿ. ತಿಳಿ ಹೊನ್ನಿನ ಬಣ್ಣಕ್ಕೇ ಸೋಸಿ, ಆಮೇಲೂ ಬಣ್ಣ ಏರುತ್ತದೆ. ಒಲೆ ಆರಿಸಿದ ಮೇಲೆ ರಿಬ್ಸ್ ಜೊತೆ ಬೆರೆಸಿ.