ಟ್ರೋಜನ್ ಅಳಿಸಿದರೆ ಸಾಲದು, ಕಂಡಿಯನ್ನೂ ಮುಚ್ಚಿ

ದುರಸ್ತಿಗೆಂದು ನನ್ನ ಮೇಜಿಗೆ ಬರುವ ಕಂಪ್ಯೂಟರುಗಳಲ್ಲಿ ಹಲವು ಎರಡನೇ ಸಲ ಸೋಂಕು ತಗುಲಿದವು. ಮೊದಲ ಸಲ ಯಾರೋ ಆ್ಯಂಟಿವೈರಸ್ ಓಡಿಸಿ, ಸಿಕ್ಕಿದ್ದನ್ನು ಅಳಿಸಿ ಕೈತೊಳೆದುಕೊಂಡಿರುತ್ತಾರೆ. ಟ್ರೋಜನ್, ಅಂದರೆ ಒಳ್ಳೆಯದರ ವೇಷದಲ್ಲಿ ಬರುವ ಕೇಡಿನ ತಂತ್ರಾಂಶ, ಒಳನುಸುಳಿದ ಕಂಡಿ ಮಾತ್ರ ತೆರೆದೇ ಇರುತ್ತದೆ. ಅದಕ್ಕೇ ನಾನು ಮಾಲೀಕರನ್ನು ಮೊದಲು ಕೇಳುವುದು: ತೊಂದರೆ ಶುರುವಾಗುವ ಮುಂಚೆ ಏನನ್ನು ತೆರೆದಿದ್ದಿರಿ?

ಟ್ರೋಜನ್ ಬಿಲ್ಲಿನ, ಫೋಟೊದ, ಉಚಿತ ತಂತ್ರಾಂಶದ ವೇಷದಲ್ಲಿ ಬರುತ್ತದೆ. ಸಾಮಾನ್ಯವಾಗಿ ಅದನ್ನು ಓಡಿಸುವವರು ನಾವೇ. ಆದರೆ ತಂತ್ರಾಂಶದಲ್ಲಿ ದೋಷವಿದ್ದರೆ ಎಚ್ಚರದಿಂದಿರುವವರೂ ಸಿಕ್ಕಿಬೀಳುತ್ತಾರೆ. ಜಿಪ್‌ನಂಥ ಕಟ್ಟುಕಡತಗಳನ್ನು ಬಿಚ್ಚುವ ವಿನ್‌ರಾರ್ ತಂತ್ರಾಂಶದಲ್ಲಿ 2023ರಲ್ಲಿ ಕಂಡುಬಂದ ದೋಷವನ್ನೇ ನೋಡಿ. ಜಿಪ್ ಕಡತದೊಳಗೆ ಒಂದು ಚಿತ್ರ, ಅದೇ ಹೆಸರಿನ ಒಂದು ಫೋಲ್ಡರ್, ಆ ಫೋಲ್ಡರಿನಲ್ಲಿ ಅಡಗಿದ ಸ್ಕ್ರಿಪ್ಟ್ (ಕಂಪ್ಯೂಟರಿಗೆ ಆಜ್ಞೆ ಕೊಡುವ ಕಡತ). ಚಿತ್ರದ ಮೇಲೆ ಎರಡು ಸಲ ಕ್ಲಿಕ್ಕಿಸಿದರೆ ವಿನ್‌ರಾರ್ ಆ ಸ್ಕ್ರಿಪ್ಟನ್ನು ಓಡಿಸಿಬಿಡುತ್ತಿತ್ತು. ಸ್ಕ್ರಿಪ್ಟ್ ಟ್ರೋಜನ್ನನ್ನು ನೆಲೆಗೊಳಿಸಿ, ಚಿತ್ರವನ್ನೂ ತೆರೆದು ತೋರಿಸುತ್ತಿತ್ತು. ಯಾರಿಗೆ ತಾನೇ ಅನುಮಾನ ಬಂದೀತು? ಆಗಸ್ಟ್‌ನಲ್ಲಿ ಬಂದ 6.23ನೇ ಆವೃತ್ತಿ ಇದನ್ನು ಸರಿಪಡಿಸಿತು. ಆದರೆ ವಿನ್‌ರಾರ್ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಹೊಸದನ್ನು ನಾವೇ ಇಳಿಸಿಕೊಳ್ಳಬೇಕು. ಹಾಗೆಯೇ ಮೈಕ್ರೋಸಾಫ್ಟ್ ಆಫೀಸ್‌ನ ಹಳೆಯ ಈಕ್ವೇಷನ್ ಎಡಿಟರ್‌ನ (ಗಣಿತದ ಸಮೀಕರಣ ಬರೆಯುವ ಸಾಧನ) ದೋಷಕ್ಕೆ 2017ರ ನವೆಂಬರ್‌ನಲ್ಲಿ ಪರಿಹಾರ ಬಂದರೂ, ಪಾಸ್‌ವರ್ಡ್ ಕದಿಯುವ ಟ್ರೋಜನ್‌ಗಳು ವರ್ಷಗಟ್ಟಲೆ ಅದೇ ದಾರಿಯಲ್ಲಿ ನುಗ್ಗಿದವು. ಅಪ್‌ಡೇಟ್ ಆಗದ ಆಫೀಸ್ ಅಷ್ಟೊಂದಿತ್ತು.

ಈಗ ತೆಗೆಯುವ ಕೆಲಸ. ವಿಂಡೋಸ್ ಕಂಪ್ಯೂಟರಿನ ಮಾತು ಹೇಳುತ್ತೇನೆ.

ಮೊದಲು ಇಂಟರ್‌ನೆಟ್ ಕತ್ತರಿಸಿ: ಕೇಬಲ್ ಕೀಳಿ, ವೈಫೈ ಆರಿಸಿ. ಟ್ರೋಜನ್ ತನ್ನ ಒಡೆಯನೊಡನೆ ಮಾತಾಡುವುದು ಆ ದಾರಿಯಲ್ಲೇ. ಆ ಕಂಪ್ಯೂಟರಿನಲ್ಲಿ ಯಾವ ಪಾಸ್‌ವರ್ಡನ್ನೂ ಟೈಪಿಸಬೇಡಿ.

ಸ್ಕ್ಯಾನ್‌ಗೆ ಮುಂಚೆ ಬಹಳ ಮಂದಿ ಬಿಟ್ಟುಬಿಡುವ ಒಂದು ಜಾಗವನ್ನು ನೋಡಲೇಬೇಕು. ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ರಕ್ಷಣೆಯ ಸೆಟ್ಟಿಂಗ್ ತೆರೆದು ಕೆಳಗೆ ಸರಿದರೆ 'ಎಕ್ಸ್‌ಕ್ಲೂಷನ್ಸ್' ಎಂಬ ಪಟ್ಟಿ ಸಿಗುತ್ತದೆ. ಸ್ಕ್ಯಾನ್ ಮಾಡದೆ ಬಿಡಬೇಕಾದ ಜಾಗಗಳ ಪಟ್ಟಿ ಅದು. ಟ್ರೋಜನ್ ತನ್ನ ಫೋಲ್ಡರನ್ನು ಅಲ್ಲಿ ಸೇರಿಸಿಕೊಂಡಿರಬಹುದು. ಇಡೀ ಸಿ ಡ್ರೈವ್ ಸೇರಿದ್ದನ್ನೂ ಕಂಡಿದ್ದೇನೆ. ನೀವು ಸೇರಿಸದ್ದನ್ನೆಲ್ಲ ತೆಗೆಯಿರಿ. ಇಲ್ಲದಿದ್ದರೆ ವಿಂಡೋಸ್‌ನ ಸ್ವಂತ ಆ್ಯಂಟಿವೈರಸ್ ಆದ ಡಿಫೆಂಡರ್ ಕಳ್ಳನ ಪಕ್ಕದಲ್ಲೇ ಹಾದುಹೋಗಿ 'ಏನೂ ಇಲ್ಲ' ಎನ್ನುತ್ತದೆ.

ನಂತರ ಸೋಂಕಿಲ್ಲದ ಬೇರೊಂದು ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಎಂಬ ತಪಾಸಣಾ ಸಾಧನವನ್ನು ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದು ಪೂರ್ಣ ಸ್ಕ್ಯಾನ್ ಓಡಿಸಿ. ಇಳಿಸಿದ 10 ದಿನಗಳ ಮೇಲೆ ಅದು ಕೆಲಸ ಮಾಡುವುದಿಲ್ಲ, ಹಳೆಯ ಪ್ರತಿಯನ್ನು ನೆಚ್ಚಬೇಡಿ. ಕೆಲಸ ಮುಗಿದ ಮೇಲೆ ಆ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ. ಇದಾದ ಮೇಲೆ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್: ಕಂಪ್ಯೂಟರ್ ಮರುಚಾಲನೆಗೊಂಡು, ವಿಂಡೋಸ್ ಏಳುವ ಮೊದಲೇ ತಪಾಸಣೆ ನಡೆಯುವುದರಿಂದ ಟ್ರೋಜನ್‌ಗೆ ಅಡಗಿಕೊಳ್ಳಲು ಅವಕಾಶ ಕಡಿಮೆ.

ಮತ್ತೆ ಏಳುವ ಬೇರು ಉಳಿದಿದೆಯೇ ನೋಡಿ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯನ್ನು ಎಲ್ಲರೂ ನೋಡುತ್ತಾರೆ, ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ಟಾಸ್ಕ್ ಶೆಡ್ಯೂಲರ್ ಕಡೆ ಯಾರೂ ಸುಳಿಯುವುದಿಲ್ಲ. 'ಅಪ್‌ಡೇಟ್' ಎಂಬ ಸಭ್ಯ ಹೆಸರಿನ ಕೆಲಸ ಟೆಂಪ್ ಅಥವಾ ಆ್ಯಪ್‌ಡೇಟಾ ಫೋಲ್ಡರಿನ ಕಡತವನ್ನು ಓಡಿಸುತ್ತಿದ್ದರೆ, ಇಲ್ಲವೇ ವಿಂಡೋಸ್‌ನ ಆಜ್ಞೆ ನಡೆಸುವ ಸಾಧನವಾದ ಪವರ್‌ಶೆಲ್‌ಗೆ, ನಮಗೆ ಅರ್ಥವಾಗದ ಉದ್ದದ ಅಕ್ಷರಸಾಲು ಕೊಡುತ್ತಿದ್ದರೆ, ಅನುಮಾನಿಸಿ. ಮೈಕ್ರೋಸಾಫ್ಟ್‌ನದೇ ಆಟೋರನ್ಸ್ ಎಂಬ ಉಚಿತ ಸಾಧನ ಇವನ್ನೆಲ್ಲ ಒಂದೆಡೆ ತೋರಿಸುತ್ತದೆ.

ಆಮೇಲೆ ಇಂಟರ್‌ನೆಟ್ ಜೋಡಿಸಿ ಮೊದಲು ವಿಂಡೋಸ್, ಬ್ರೌಸರ್, ಆಫೀಸ್ ಅಪ್‌ಡೇಟ್ ಮಾಡಿ. ವಿನ್‌ರಾರ್‌ನಂಥವನ್ನು ತಯಾರಕರ ತಾಣದಿಂದಲೇ ತನ್ನಿ. ಬಳಸದ ತಂತ್ರಾಂಶವನ್ನು ಕಿತ್ತುಹಾಕಿ.

ಪಾಸ್‌ವರ್ಡುಗಳನ್ನು ಸೋಂಕಿಲ್ಲದ ಇನ್ನೊಂದು ಸಾಧನದಿಂದ ಕೂಡಲೇ ಬದಲಿಸಿ, ಇಮೇಲ್‌ನದು ಮೊದಲು. ಕಂಪ್ಯೂಟರ್ ಶುಚಿಯಾಗಲೆಂದು ಕಾಯಬೇಡಿ. ಜೊತೆಗೆ 'ಎಲ್ಲ ಸಾಧನಗಳಿಂದ ಲಾಗೌಟ್' ಒತ್ತಿ. ಬ್ರೌಸರಿನ ಕುಕಿ, ಅಂದರೆ ನೀವು ಲಾಗಿನ್ ಆಗಿದ್ದೀರೆಂದು ತಾಣಕ್ಕೆ ತಿಳಿಸುವ ಗುರುತನ್ನು, ಕದ್ದವನಿಗೆ ಪಾಸ್‌ವರ್ಡ್ ಇಲ್ಲದೆಯೂ ನಿಮ್ಮ ಖಾತೆಗೆ ಪ್ರವೇಶವಿರುತ್ತದೆ.

ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಾದರೆ, ಅಥವಾ ಸ್ಕ್ಯಾನ್ ಆದಮೇಲೂ ಅದೇ ಕಡತ ಮರಳಿ ಬಂದರೆ, ನಾನು ಹುಡುಕಾಟ ನಿಲ್ಲಿಸಿ ಡ್ರೈವ್ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುತ್ತೇನೆ. ಬ್ಯಾಕಪ್‌ನಿಂದ ಫೋಟೊ, ದಾಖಲೆಗಳನ್ನು ಸ್ಕ್ಯಾನ್ ಮಾಡಿ ತನ್ನಿ. ಹಳೆಯ ಇನ್‌ಸ್ಟಾಲರ್ ಕಡತಗಳು ಬೇಡ.