ಬ್ಲ್ಯಾಕ್ ಐಪಿಎ ಸವಿಯುವವರಿಗೆ ಒಂದು ಸಲಹೆ

ಕಪ್ಪು ಬಣ್ಣ ಕಂಡ ಕೂಡಲೇ ಸ್ಟೌಟ್ (ಹುರಿದ ಧಾನ್ಯದ ರುಚಿಯ ಕಪ್ಪು ಬಿಯರ್) ಎಂದುಕೊಂಡು ಬ್ಲ್ಯಾಕ್ ಐಪಿಎ (ಕಹಿ ಮುಂದಾದ ‘ಇಂಡಿಯಾ ಪೇಲ್ ಏಲ್’ ಬಿಯರ್‌ನ ಕಪ್ಪು ರೂಪ) ಕುಡಿದರೆ ಮೊದಲ ಗುಟುಕಿಗೇ ಗೊಂದಲವಾಗುತ್ತದೆ. 1990ರ ದಶಕದಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಬಿಯರ್ ತಯಾರಕ ಗ್ರೆಗ್ ನೂನನ್ ಅವರ ಬ್ರೂಪಬ್ಬಿನಲ್ಲಿ (ಬಿಯರನ್ನು ಅಲ್ಲೇ ತಯಾರಿಸಿ ಮಾರುವ ಪಬ್) ರೂಪ ಪಡೆಯಿತೆನ್ನಲಾಗುವ ಈ ಬಿಯರ್‌ಗೆ ಬಣ್ಣ ಕೊಡುವುದು ಹೆಚ್ಚಾಗಿ ಹೊಟ್ಟು ತೆಗೆದು ಹುರಿದ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ). ಆದ್ದರಿಂದ ಸುಟ್ಟ ಒಗರು ಹಿಂದೆ ಸರಿದು, ಬಿಯರ್‌ಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂವಿನ ಕಿತ್ತಳೆ ಸಿಪ್ಪೆಯಂಥ, ಪೈನ್ ಮರದ ಅಂಟಿನಂಥ ಪರಿಮಳವೇ ಮುಂದಾಗಿರುತ್ತದೆ.

ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟು, ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಬಾಯಿ ಕಿರಿದಾದ ಗಾಜಿನ ಲೋಟಕ್ಕೆ ಅರ್ಧದಷ್ಟು ಸುರಿದು, ಕಂದು ನೊರೆ ಇಳಿಯುವ ಮುನ್ನವೇ ಮೂಸಿ ನೋಡಿ. ತಣುಪು ಆರಿದಂತೆ ಕಾಫಿ, ಕೋಕೋ ವಾಸನೆ ಮೆಲ್ಲನೆ ಹೊರಬರುತ್ತದೆ. ಮಂಜುಗಡ್ಡೆಯಷ್ಟು ತಣ್ಣಗೆ ಕುಡಿದರೆ ಕಹಿಯೊಂದೇ ನಾಲಿಗೆಗೆ ಸಿಗುತ್ತದೆ.

ಕೆಂಡದ ಮೇಲೆ ಸುಟ್ಟ ಮಾಂಸ, ಬ್ಲೂ ಚೀಸ್ ಇದಕ್ಕೆ ಒಪ್ಪುತ್ತವೆ. ನನ್ನ ಆಯ್ಕೆ ಮಾತ್ರ ಕೊಡಗಿನ ಪಂದಿ ಕರಿ: ಕಪ್ಪಗೆ ಹುರಿದ ಮಸಾಲೆಯೊಂದಿಗೆ ಮಾಲ್ಟ್ ಬೆರೆತುಕೊಂಡರೆ, ಕಾಚಂಪುಳಿಯ ಹುಳಿಯೂ ಹಾಪ್ಸ್‌ನ ಕಹಿಯೂ ಸೇರಿ ಕೊಬ್ಬಿನ ಜಿಡ್ಡನ್ನು ಕಳೆಯುತ್ತವೆ. ಖಾರವನ್ನು ಮಾತ್ರ ತುಸು ತಗ್ಗಿಸಿ, ಏಕೆಂದರೆ ಈ ಕಹಿ ಮೆಣಸಿನ ಉರಿಯನ್ನು ಇನ್ನಷ್ಟು ಎಬ್ಬಿಸುತ್ತದೆ. ಕೊಳ್ಳುವಾಗ ತಯಾರಿಕೆಯ ದಿನಾಂಕ ನೋಡಿ. ಹಳೆಯದಾದಷ್ಟೂ ಹಾಪ್ಸ್ ಪರಿಮಳ ಮಂಕಾಗುವುದರಿಂದ ಇದನ್ನು ಕೂಡಿಡಬೇಡಿ.